ಎಲ್ಲದಕ್ಕೂ ಗ್ಯಾಸ್ಟ್ರಿಕ್ ಅಂದ್ವಿ: ಒಂದು ಬಸುರಿ ಹೊಟ್ಟೆಯ ಪ್ರಕರಣ

ನಮ್ಮ ಕಡೆ ಹೊಟ್ಟೆ ವಿಷಯಕ್ಕೆ ಇರೋದು ಒಂದೇ ಪದ, ಗ್ಯಾಸ್ಟ್ರಿಕ್. ಎದೆ ಉರಿದ್ರೂ ಗ್ಯಾಸ್ಟ್ರಿಕ್, ಹೊಟ್ಟೆ ಉಬ್ಬಿದ್ರೂ ಗ್ಯಾಸ್ಟ್ರಿಕ್, ನಾಲ್ಕು ದಿನ ಟಾಯ್ಲೆಟ್‌ಗೆ ಹೋಗಿಲ್ಲ ಅಂದ್ರೂ ಅದೇ, ಬೆನ್ನು ಹಿಡ್ಕೊಂಡ್ರೂ "ಗ್ಯಾಸ್ ತುಂಬ್ಕೊಂಡೈತೆ" ಅಂತಾರೆ. ನಾನು ಏಳು ವರ್ಷ ಹೆರಿಗೆ ವಾರ್ಡ್‌ನಲ್ಲಿ ನರ್ಸ್ ಆಗಿದ್ದೋಳು, ಈ ಪದದ ಮೇಲೆ ನಂಗೆ ಹಳೇ ಸಿಟ್ಟಿದೆ, ಆದ್ರೂ ನಮ್ಮ ಮನೇಲೇ ನಮ್ಮ ಓರಗಿತ್ತಿ ಬಸುರಿ ಆದಾಗ ಸುಮಾರು ಎರಡು ತಿಂಗಳು ನಾನೂ ಅದೇ ಪದ ಹೇಳ್ಕೊಂಡು ಓಡಾಡಿದೆ. ಅದನ್ನೇ ಇಲ್ಲಿ ಮೊದಲಿಂದ ಕೊನೇವರೆಗೂ ಬರೀತಿದೀನಿ. ಅವಳನ್ನ ಕೇಳೇ ಬರೀತಿರೋದು. "ಬಳಪದ ವಿಷಯಾನೂ ಬರಿ ಅಕ್ಕ, ಆದ್ರೆ ನಾನು ಅಂತ ಯಾರಿಗೂ ಗೊತ್ತಾಗಬಾರ್ದು" ಅಂದ್ಲು.

ನಮ್ಮದು ತಿಪಟೂರು ಕಡೆ ಹಳ್ಳಿ, ಮನೆ ಸುತ್ತ ತೆಂಗು, ಒಂದೇ ಅಡುಗೆ ಮನೆ, ನಾನು, ಅವಳು, ಅತ್ತೆ. ಅವಳಿಗೆ ವಯಸ್ಸು 26, ಎರಡನೇ ಬಸುರಿ, ಮೊದಲನೇ ಮಗನಿಗೆ ಮೂರು ವರ್ಷ. ಬಸುರಿ ಆಗೋಕೆ ಮುಂಚೆ ತೂಕ 47 ಕೆಜಿ. ಆರನೇ ವಾರಕ್ಕೆ ಓಕರಿಕೆ ಶುರುವಾಯ್ತು, ಒಗ್ಗರಣೆ ಚಟಪಟ ಅಂದ್ರೆ ಸಾಕು ಹಿತ್ತಲಿಗೆ ಓಡೋಳು, ನಾವು ಎರಡು ತಿಂಗಳು ಒಗ್ಗರಣೆನೇ ಹಾಕದೆ ಸಪ್ಪೆ ಸಾರು ತಿಂದ್ವಿ. ಬೆಳಿಗ್ಗೆ ಹಾಸಿಗೆಯಿಂದ ಏಳೋ ಮುಂಚೆ ಎರಡು ಒಣ ರಸ್ಕ್, ಆಮೇಲೆ ಸ್ವಲ್ಪ ಸ್ವಲ್ಪ ತಿನ್ನೋದು, ಹಿಂಗೇ 15ನೇ ವಾರಕ್ಕೆ ತಾನಾಗೇ ನಿಂತ್ತು. ಇದು ಬಹಳ ಜನಕ್ಕೆ ಆಗೋದೇ, ಇದರ ಬಗ್ಗೆ ಹೆಚ್ಚಿಗೆ ಹೇಳಲ್ಲ. ನೀರು ಕುಡಿದ್ರೂ ನಿಲ್ಲದೆ, ಮೂತ್ರಾನೂ ಕಮ್ಮಿಯಾಗಿ ತೂಕ ಇಳೀತಿದ್ರೆ ಮಾತ್ರ ಅದು ಬೇರೆ ಕಥೆ, ಆಗ ಡ್ರಿಪ್ ಬೇಕಾಗತ್ತೆ, ಅವಳಿಗೆ ಅಷ್ಟು ದೂರ ಹೋಗ್ಲಿಲ್ಲ.

ನಿಜವಾದ ತಾಪತ್ರಯ ಶುರುವಾಗಿದ್ದು ಆಮೇಲೆ. ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ಆಸ್ಪತ್ರೇಲಿ ಬಸುರೀರಿಗೆ ಡಾಕ್ಟ್ರು ಚೆಕಪ್ ಮಾಡ್ತಾರಲ್ಲ, 14ನೇ ವಾರದಲ್ಲಿ ಅಲ್ಲಿ ರಕ್ತ ಪರೀಕ್ಷೆ ಮಾಡಿಸಿದ್ರೆ ಎಚ್‌ಬಿ, ಅಂದ್ರೆ ರಕ್ತದಲ್ಲಿರೋ ಹಿಮೋಗ್ಲೋಬಿನ್, 9.8 ಬಂತು. ಬಸುರೀಲಿ 11ಕ್ಕಿಂತ ಕಮ್ಮಿ ಇದ್ರೆ ರಕ್ತಹೀನತೆ ಅಂತಾನೇ ಲೆಕ್ಕ. ತಾಯಿ ಕಾರ್ಡ್‌ನಲ್ಲಿ ಕೆಂಪು ಇಂಕಿಂದ ಸುತ್ತು ಹಾಕಿ ಕಳಿಸಿದ್ರು. ಸಾಮಾನ್ಯವಾಗಿ ದಿನಕ್ಕೆ ಒಂದು ಕೊಡೋ ಐರನ್ ಮಾತ್ರೆ, ಅದೇ 60 ಮಿಲಿಗ್ರಾಂ ಕಬ್ಬಿಣ ಮತ್ತೆ ಫೋಲಿಕ್ ಆಸಿಡ್ ಇರೋ ಕೆಂಪು ಮಾತ್ರೆ, ಅವಳಿಗೆ ದಿನಕ್ಕೆ ಎರಡು ಬರೆದ್ರು, ಜೊತೆಗೆ ಕ್ಯಾಲ್ಸಿಯಂ ಎರಡು, ಒಂದು ಹುಳುವಿನ ಮಾತ್ರೆ. ಅವತ್ತು ಕ್ಯೂನಲ್ಲಿ ಎಷ್ಟೋ ಜನ, ಒಬ್ಬೊಬ್ಬರಿಗೆ ಒಂದು ನಿಮಿಷಾನೂ ಸಿಗ್ತಿರಲಿಲ್ಲ, ಯಾವ ಮಾತ್ರೆ ಯಾವಾಗ ಅಂತ ಯಾರೂ ಬಿಡಿಸಿ ಹೇಳ್ಲಿಲ್ಲ. ನಾನೂ ಹೇಳ್ಲಿಲ್ಲ. ಮನೇಲಿ ನರ್ಸ್ ಇದ್ದಾಳಲ್ಲ ಅಂತ ಅವರು, ಆಸ್ಪತ್ರೇಲಿ ಹೇಳಿರ್ತಾರಲ್ಲ ಅಂತ ನಾನು.

ಅವಳು ಮಾಡಿದ್ದು ಏನಂದ್ರೆ, ಬೆಳಿಗ್ಗೆ ಎದ್ದ ತಕ್ಷಣ ಖಾಲಿ ಹೊಟ್ಟೇಲಿ ಎರಡು ಕೆಂಪು ಮಾತ್ರೆ, ಒಂದು ಕ್ಯಾಲ್ಸಿಯಂ, ಮೂರನ್ನೂ ಬಾಯಿಗೆ ಹಾಕ್ಕೊಂಡು ಒಂದು ಲೋಟ ಸ್ಟ್ರಾಂಗ್ ಟೀ ಜೊತೆ ನುಂಗೋಳು. ಒಂದೇ ಸಲ ಮುಗೀಲಿ ಅಂತ. ಐರನ್ ವಿಷಯ ಗೊತ್ತಿರೋರು ಇದನ್ನ ಓದಿ ತಲೆ ಚಚ್ಕೊಳ್ತೀರ. ಟೀಲಿರೋ ಒಗರು ಕಬ್ಬಿಣಾನ ಹಿಡ್ಕೊಂಡುಬಿಡತ್ತೆ, ಕ್ಯಾಲ್ಸಿಯಂ ಕೂಡ ಅದಕ್ಕೆ ಅಡ್ಡ ಬರತ್ತೆ, ರಕ್ತಕ್ಕೆ ಸೇರಬೇಕಾಗಿದ್ದು ಕರುಳಲ್ಲೇ ಉಳ್ಕೊಂಡು ಅಲ್ಲೇ ರಗಳೆ ಮಾಡತ್ತೆ. ಅಂದ್ರೆ ಮಾತ್ರೆಯ ಕಷ್ಟ ಎಲ್ಲಾ ಅನುಭವಿಸಿದ್ಲು, ಲಾಭ ಮಾತ್ರ ಅರ್ಧಕ್ಕರ್ಧ ಸಿಗ್ಲಿಲ್ಲ.

17ನೇ ವಾರಕ್ಕೆ ಮೋಷನ್ ಕಟ್ಟಿಕೊಳ್ತು. ಮೂರು ದಿನಕ್ಕೊಂದ್ಸಲ, ಅದೂ ಕಲ್ಲಿನಂಗೆ, ಅದೂ ಕರೀ ಬಣ್ಣ. ಐರನ್ ತಗೊಂಡ್ರೆ ಕಪ್ಪಗೆ ಹೋಗೋದು ಸಹಜ, ಆದ್ರೆ ಅದನ್ನ ಅವಳಿಗೆ ಯಾರೂ ಹೇಳಿರಲಿಲ್ಲ, ಹೊಟ್ಟೆ ಒಳಗೆ ಏನೋ ಆಗಿದೆ ಅಂತ ಒಬ್ಬಳೇ ಹೆದರಿಕೊಂಡಿದ್ಲು. ಯಾರ ಹತ್ರ ಅಂತ ಹೇಳ್ಕೊಳ್ತಾಳೆ ಪಾಪ, ಟಾಯ್ಲೆಟ್ ವಿಷಯ. ಅತ್ತೆಗೆ ಹೆಂಗೋ ಗೊತ್ತಾಗಿ ಒಂದು ಸಂಜೆ ಹರಳೆಣ್ಣೆ ಬಿಸಿ ಮಾಡ್ಕೊಂಡು ಚಮಚ ಹಿಡ್ಕೊಂಡು ಬಂದೇಬಿಟ್ರು, "ನಮ್ ಕಾಲ್ದಲ್ಲಿ ಇದನ್ನೇ ಕುಡೀತಿದ್ದುದು, ಏನಾಗಿತ್ತು ನಮಗೆ" ಅಂತ. ನಾನು ಚಮಚ ಕಿತ್ಕೊಂಡೆ. ಹರಳೆಣ್ಣೆ ಕರುಳನ್ನ ಜೋರಾಗಿ ಹಿಂಡತ್ತೆ, ಬರೀ ಕರುಳಲ್ಲ ಗರ್ಭಕೋಶಾನೂ ಕೆರಳಿಸಬಹುದು, ಹೆರಿಗೆ ನೋವು ಬರಿಸೋಕೆ ಹಿಂದಿನೋರು ಕೊಡ್ತಿದ್ದುದೇ ಇದನ್ನ, ಐದು ತಿಂಗಳ ಬಸುರೀಗೆ ಕೊಡೋದು ಬೇಡವೇ ಬೇಡ. ಅತ್ತೆ ಎರಡು ದಿನ ನನ್ ಹತ್ರ ಮಾತಾಡ್ಲಿಲ್ಲ.

22ನೇ ವಾರಕ್ಕೆ ಎದೆಯುರಿ ಸೇರ್ಕೊಳ್ತು. ರಾತ್ರಿ ಹನ್ನೊಂದೂವರೆ ಹನ್ನೆರಡಕ್ಕೆ ಎದ್ದು ಕೂತ್ಕೊಳೋದು, ಹುಳಿತೇಗು, ಗಂಟಲವರೆಗೂ ಬಂದು ವಾಪಸ್ ಹೋಗೋ ಆ ಕಹಿ ನೀರು. ಮೈದುನ ಅಂಗಡಿಯಿಂದ ಬರ್ತಾ ಗ್ಯಾಸ್ ಪುಡಿ ಪ್ಯಾಕೆಟ್ ಸರಾನೇ ತಂದು ಗೋಡೆ ಮೊಳೆಗೆ ನೇತುಹಾಕಿದ, ಅದನ್ನ ನೀರಿಗೆ ಹಾಕಿ ಬುಸ್ ಅಂತ ಕುಡಿಯೋದು, ತೇಗು ಬರೋದು, ಅರ್ಧ ಗಂಟೆ ಹಾಯ್ ಅನ್ಸೋದು, ಮತ್ತೆ ಅದೇ. ಅದರಲ್ಲಿರೋದು ಹೆಚ್ಚಾಗಿ ಸೋಡಾನೇ, ಅಂದ್ರೆ ಸೋಡಿಯಂ, ದಿನಕ್ಕೆ ಮೂರು ಪ್ಯಾಕೆಟ್ ಕುಡಿಯೋದು ಬಸುರೀಲಿ ಒಳ್ಳೇದಲ್ಲ, ಅಡುಗೆ ಸೋಡಾ ನೀರೂ ಅಷ್ಟೇ. ನಾನು ಅದನ್ನ ಬಿಡಿಸಿ ಗುಲಾಬಿ ಬಣ್ಣದ ಆಂಟಾಸಿಡ್ ಸಿರಪ್ ತರಿಸಿದೆ. ಅದು ಬಸುರೀಲಿ ತಗೋಬಹುದು, ತಪ್ಪಿಲ್ಲ, ಆದ್ರೆ ಐರನ್ ಮಾತ್ರೆಗೂ ಅದಕ್ಕೂ ಎರಡು ಗಂಟೆ ಆದ್ರೂ ಅಂತರ ಇರ್ಬೇಕು ಅನ್ನೋದನ್ನ ಹೇಳೋದು ಮರೆತೆ. ಮರೆತೆ ಅನ್ನೋದಕ್ಕಿಂತ, "ಗ್ಯಾಸ್ಟ್ರಿಕ್‌ಗೆ ಸಿರಪ್" ಅಂತ ತಲೇಲಿ ಕೂತಿತ್ತು, ಅದಕ್ಕಿಂತ ಮುಂದೆ ಯೋಚನೆ ಮಾಡ್ಲಿಲ್ಲ.

ಅತ್ತೆ ಮಾತ್ರ ಖುಷಿಯಾಗಿದ್ರು. ಎದೆ ಉರೀತಿದೆ ಅಂದ್ರೆ ಮಗೂಗೆ ತಲೆ ತುಂಬ ಕೂದಲು ಬರ್ತಿದೆ ಅಂತ. ನಾನು ನಕ್ಕೆ. ಆಮೇಲೆ ನೋಡಿದ್ರೆ ಅಮೆರಿಕದಲ್ಲಿ ಇದನ್ನ ನಿಜವಾಗ್ಲೂ ಅಳೆದು ನೋಡಿದ್ದಾರಂತೆ, 2006ರಲ್ಲಿ, 64 ಬಸುರೀರನ್ನ ತಗೊಂಡು, ಎದೆಯುರಿ ಜಾಸ್ತಿ ಇದ್ದೋರ ಮಕ್ಕಳಿಗೆ ಕೂದಲೂ ಜಾಸ್ತಿ ಇತ್ತಂತೆ. ಬರೀ 64 ಜನ, ಅದನ್ನ ಹಿಡ್ಕೊಂಡು ಏನೂ ಹೇಳೋಕಾಗಲ್ಲ ಬಿಡಿ, ಅತ್ತೆಗಂತೂ ಇನ್ನೂ ಹೇಳಿಲ್ಲ.

ಇದೆಲ್ಲಾ ಯಾಕಾಗತ್ತೆ ಅಂತ ಸ್ವಲ್ಪ ಹೇಳ್ಬಿಡ್ತೀನಿ. ಬಸುರೀಲಿ ಪ್ರೊಜೆಸ್ಟೆರಾನ್ ಅನ್ನೋ ಹಾರ್ಮೋನು ಏರತ್ತೆ, ಅದರ ಕೆಲಸ ಗರ್ಭಕೋಶದ ಸ್ನಾಯು ಬಿಗಿದುಕೊಳ್ಳದಂಗೆ ಸಡಿಲ ಇಡೋದು, ಆದ್ರೆ ಅದು ಗರ್ಭಕೋಶಕ್ಕೆ ಮಾತ್ರ ಅಂತ ಲೆಕ್ಕ ಇಟ್ಕೊಳ್ಳಲ್ಲ, ಅನ್ನನಾಳದ ಬುಡದಲ್ಲಿ ಚೀಲದ ಬಾಯಿಗೆ ದಾರ ಬಿಗಿದಂಗೆ ಒಂದು ಸ್ನಾಯು ಇರತ್ತಲ್ಲ ಅದನ್ನೂ ಸಡಿಲ ಮಾಡತ್ತೆ, ಕರುಳನ್ನೂ ನಿಧಾನ ಮಾಡತ್ತೆ. ದಾರ ಸಡಿಲ ಆದ್ರೆ ಹುಳಿ ಮೇಲಕ್ಕೆ ಬರತ್ತೆ, ಅದೇ ಎದೆಯುರಿ. ಕರುಳು ನಿಧಾನ ಆದ್ರೆ ಒಳಗಿರೋ ಮಲದ ನೀರೆಲ್ಲಾ ಹೀರಿಕೊಂಡು ಗಟ್ಟಿಯಾಗತ್ತೆ. ಕೊನೇ ಮೂರು ತಿಂಗಳಲ್ಲಿ ಇದರ ಜೊತೆಗೆ ಮಗೂನೂ ಕೆಳಗಿಂದ ಹೊಟ್ಟೇನ ಮೇಲಕ್ಕೆ ಒತ್ತತ್ತೆ. ಹಂಗಾಗಿ ಇವು ಒಂದಕ್ಕೊಂದು ನೆಂಟರೇ, ಆದ್ರೂ ಒಂದೇ ಅಲ್ಲ, ಒಂದಕ್ಕೆ ಕೊಟ್ಟ ಔಷಧಿ ಇನ್ನೊಂದನ್ನ ಕೆಡಿಸಬಹುದು. ಉದಾಹರಣೆಗೆ ಅಲ್ಯೂಮಿನಿಯಂ ಇರೋ ಆಂಟಾಸಿಡ್ ಎದೆಯುರಿ ಇಳಿಸತ್ತೆ, ಮೋಷನ್ ಇನ್ನೂ ಕಟ್ಟಿಸತ್ತೆ.

26ನೇ ವಾರಕ್ಕೆ ಮತ್ತೆ ರಕ್ತ ನೋಡಿದ್ರೆ ಎಚ್‌ಬಿ 8.9.

ಡಾಕ್ಟ್ರು ಕಾರ್ಡ್ ತಿರುಗಿಸಿ ತಿರುಗಿಸಿ ನೋಡಿದ್ರು. ದಿನಕ್ಕೆ ಎರಡು ಮಾತ್ರೆ ನುಂಗೋರಿಗೆ ತಿಂಗಳಿಗೆ 1 ಗ್ರಾಂ ಹತ್ರ ಆದ್ರೂ ಏರಬೇಕು, ಇದು ಇಳಿದಿದೆ. "ಮಾತ್ರೆ ತಗೊಳ್ತಿದೀಯೇನಮ್ಮಾ?" "ಹೂಂ ಮೇಡಂ." "ದಿನಾ?" "ಹೂಂ." ನನ್ನ ಮುಖ ನೋಡಿದ್ರು, ನಾನೂ ಹೂಂ ಅಂದೆ, ಯಾಕಂದ್ರೆ ಖಾಲಿ ಸ್ಟ್ರಿಪ್‌ಗಳನ್ನ ನಾನೇ ಕಸದ ಬುಟ್ಟೀಲಿ ನೋಡಿದ್ದೆ.

ಆ ವಾರ ಒಂದು ಜೋರು ಮಳೆ ಬಂತು. ಮಾರನೇ ದಿನ ಹಿತ್ತಲಲ್ಲಿ ಬಟ್ಟೆ ಒಗೆಯೋಕೆ ಹೋದೋಳು ಕರಿಬೇವು ಕೀಳೋಣ ಅಂತ ಗಿಡದ ಹತ್ರ ಬಗ್ಗಿದ್ರೆ ಬುಡದಲ್ಲಿ ಮಣ್ಣು ಕೆಂಪು ಕೆಂಪಗೆ, ಕುಂಕುಮದ ನೀರು ಚೆಲ್ಲಿದಂಗೆ. ಯಾರಾದ್ರೂ ಏನಾದ್ರೂ ಮಾಡ್ಸಿಟ್ಟಿದ್ದಾರಾ ಅಂತ ಒಂದು ಕ್ಷಣ ಎದೆ ಝಲ್ ಅಂತು, ಸುಳ್ಳು ಯಾಕೆ ಹೇಳ್ಲಿ. ಕಡ್ಡಿ ತಗೊಂಡು ಕೆದಕಿದ್ರೆ ಮಾತ್ರೆಗಳು. ಕೆಲವು ಬಣ್ಣ ಬಿಟ್ಟು ಬೂದು ಬೂದಾಗಿ ಉಬ್ಬಿದ್ವು, ಕೆಲವು ಇನ್ನೂ ಗುಂಡಗೆ ಕೆಂಪಗೇ ಇದ್ವು. ನಲವತ್ತರ ಹತ್ರ ಎಣಿಸಿದೆ, ಆಮೇಲೆ ಎಣಿಸೋದು ಬಿಟ್ಟೆ.

ಅದೇ ದಿನ ಮಧ್ಯಾಹ್ನ ಅಕ್ಕಿ ಡ್ರಮ್ಮಿಗೆ ಪಾವು ಹಾಕಿದ್ರೆ ಠಕ್ ಅಂತ ಏನೋ ತಗುಲ್ತು. ಬಳಪದ ಡಬ್ಬಿ. ಮಕ್ಕಳು ಸ್ಲೇಟಲ್ಲಿ ಬರೆಯೋ ಬಳಪ, ಅರ್ಧ ಖಾಲಿ. ನಮ್ಮ ಮನೇಲಿ ಸ್ಲೇಟ್ ಹಿಡಿಯೋ ವಯಸ್ಸಿನ ಮಗೂನೇ ಇಲ್ಲ.

ನಾನು ಬೈಲಿಲ್ಲ, ಅದೊಂದು ಸರಿ ಮಾಡಿದೆ ಅನ್ಸತ್ತೆ. ಸಂಜೆ ಅತ್ತೆ ಭಜನೆಗೆ ಹೋದ್ಮೇಲೆ ಹೂ ಕಟ್ತಾ ಕೂತಿದ್ವಿ, ಡಬ್ಬಿ ತಂದು ಮಧ್ಯೆ ಇಟ್ಟೆ. ಅವಳು ತುಂಬಾ ಹೊತ್ತು ದಾರಾನೇ ನೋಡ್ತಿದ್ಲು. ಆಮೇಲೆ ಅಂದ್ಲು, "ಅಕ್ಕ, ಅದರ ವಾಸನೆ ಬಂದ್ರೆ ಸಾಕು, ನಂಗೇನೋ ಆಗತ್ತೆ. ಮಳೆ ಬಿದ್ದಾಗ ಮಣ್ಣಿನ ವಾಸನೆ ಬರತ್ತಲ್ಲ ಹಂಗೆ. ಕರಕ್ ಅಂತ ಕಡಿದ್ರೆ ಸಮಾಧಾನ." ದಿನಕ್ಕೆ ಎಷ್ಟು ಅಂದೆ. "ಏಳೆಂಟು. ಇಲ್ಲಾಂದ್ರೆ ಅಕ್ಕಿ." ಅಕ್ಕಿ ಎಷ್ಟು ಅಂತ ಕೇಳಿದ್ರೆ ಮುಷ್ಟಿ ಹಿಡಿದು ತೋರಿಸಿದ್ಲು, ಅಂಥದ್ದು ಮೂರೋ ನಾಲ್ಕೋ. ಮಾತ್ರೆ ಯಾಕೆ ಎಸೆದೆ ಅಂದಿದ್ದಕ್ಕೆ ಅಳೋಕೆ ಶುರು ಮಾಡಿದ್ಲು. ಒಂದು ದಿನ ಟಾಯ್ಲೆಟ್‌ನಲ್ಲಿ ಮುಕ್ಕಾಲು ಗಂಟೆ ಕೂತು ರಕ್ತ ಬಂದಿತ್ತಂತೆ. ಅವತ್ತಿಂದ ಆ ಮಾತ್ರೆ ಕಂಡ್ರೆ ಆಗ್ತಿರಲಿಲ್ಲವಂತೆ, ಆಶಾ ಕಾರ್ಯಕರ್ತೆ ಬಂದು ಸ್ಟ್ರಿಪ್ ನೋಡ್ತಾರೆ ಅಂತ ದಿನಾ ಲೆಕ್ಕ ಹಾಕಿ ಎರಡು ಬಿಡಿಸಿ ಗಿಡಕ್ಕೆ ಹಾಕೋಳಂತೆ.

ಬಳಪ ತಿನ್ನೋ ಬಸುರೀರನ್ನ ನಮ್ಮ ಕಡೆ ಕಾಣದೋರು ಯಾರು ಹೇಳಿ. ಬಳಪ, ಹಸೀ ಅಕ್ಕಿ, ಒಲೆ ಮಣ್ಣು, ಸೀಮೆಸುಣ್ಣ, ವಿಭೂತಿ ಗಟ್ಟಿ. ಬಯಕೆ ಅಂತ ನಕ್ಕು ಸುಮ್ನಾಗ್ತೀವಿ. ಬೇಲೂರು ಹಳೇಬೀಡು ದೇವಸ್ಥಾನ ಕಟ್ಟಿರೋದೂ ಬಳಪದ ಕಲ್ಲಲ್ಲೇ, ಅಂದ್ರೆ ತಿನ್ನೋ ವಸ್ತು ಎಂಥದ್ದು ಅಂತ ಲೆಕ್ಕ ಹಾಕಿ. ಈಗ ಅಂಗಡೀಲಿ ಸಿಗೋ ಬಳಪ ಎಲ್ಲಾ ಆ ಕಲ್ಲಿಂದೇ ಮಾಡಿದ್ದು ಅಂತಲ್ಲ, ಸುಣ್ಣದ ಪುಡಿಯದ್ದೂ ಇರತ್ತೆ, ಯಾವುದಾದ್ರೂ ಹೊಟ್ಟೇಲಿ ಕರಗಿ ಆಹಾರ ಆಗೋ ವಸ್ತು ಅಲ್ಲ. ಡಾಕ್ಟ್ರುಗಳು ಇದಕ್ಕೆ ಪೈಕಾ ಅಂತಾರೆ. ರಕ್ತ ಕಮ್ಮಿ ಇರೋರಲ್ಲಿ, ಅದರಲ್ಲೂ ಕಬ್ಬಿಣ ಕಮ್ಮಿ ಇರೋರಲ್ಲಿ ಇದು ಜಾಸ್ತಿ.

ಈಗ ಜೋಡಿಸಿ ನೋಡಿ. ಐರನ್ ಮಾತ್ರೆ ತಪ್ಪು ಹೊತ್ತಲ್ಲಿ ತಗೊಂಡು ಮೋಷನ್ ಕಟ್ತು, ಕಟ್ತು ಅಂತ ಮಾತ್ರೆ ಬಿಟ್ಲು, ಬಿಟ್ಟಿದ್ದಕ್ಕೆ ಕಬ್ಬಿಣ ಇನ್ನೂ ಇಳೀತು, ಇಳಿದಿದ್ದಕ್ಕೆ ಬಳಪ ಅಕ್ಕಿ ಆಸೆ ಜಾಸ್ತಿ ಆಯ್ತು, ಬಳಪ ಅಕ್ಕಿ ಹೊಟ್ಟೇಲಿ ಹೋಗಿ ಕೂತು ಮೋಷನ್ ಇನ್ನೂ ಕಟ್ತು, ಹೊಟ್ಟೆ ಉಬ್ಬರಿಸ್ತು. ಮಾತ್ರೆ ಬಿಟ್ಟು ಎರಡು ತಿಂಗಳಾಗ್ತಾ ಬಂದಿದ್ರೂ ಮೋಷನ್ ಸರಿ ಆಗಿರಲಿಲ್ಲ ಅನ್ನೋದನ್ನ ಅವಳೇ ಗಮನಿಸಿರಲಿಲ್ಲ. ಗಾಣದೆತ್ತಿನ ಥರ ಸುತ್ತುತಾ ಇತ್ತು, ನಾವು ಹೊರಗಿಂದ ಗ್ಯಾಸ್ಟ್ರಿಕ್ ಗ್ಯಾಸ್ಟ್ರಿಕ್ ಅಂತ ಸಿರಪ್ ಸುರೀತಾ ಇದ್ವಿ.

ಆಮೇಲೆ ಒಂದು ವಾರ ನೋಟ್‌ಬುಕ್ಕಲ್ಲಿ ಬರೆದ್ವಿ. ಯಾವಾಗ ಏನು ತಿಂದೆ, ಯಾವಾಗ ಮಲಗಿದೆ, ಉರಿ ಯಾವಾಗ ಬಂತು, ಮೋಷನ್ ಯಾವಾಗ. ಅಷ್ಟೇ. ಇದರಿಂದ ಸಿಕ್ಕಿದ್ದು ನಂಗೆ ಏಳು ವರ್ಷದ ಅನುಭವದಿಂದ ಸಿಕ್ಕಿರಲಿಲ್ಲ. ಎದೆಯುರಿಗೆ ಖಾರ ಕಾರಣ ಅಂತ ನಾನು ಅವಳ ಉಪ್ಸಾರು ಖಾರ ಬಿಡಿಸಿದ್ದೆ, ಪಾಪ ಸಪ್ಪೆ ತಿಂದುಕೊಂಡಿದ್ಲು, ನೋಟ್‌ಬುಕ್ ನೋಡಿದ್ರೆ ಮಧ್ಯಾಹ್ನ ಖಾರ ತಿಂದ ದಿನಾನೂ ಏನೂ ಆಗಿಲ್ಲ. ಉರಿ ಬಂದ ಅಷ್ಟೂ ದಿನ ಇದ್ದಿದ್ದು ಒಂದೇ ವಿಷಯ, ಮೈದುನ ಅಂಗಡಿ ಮುಚ್ಚಿ ಬರೋದು ಒಂಬತ್ತೂವರೆ, ಅವನಿಗೆ ಬಡಿಸಿ ಇವಳು ಊಟಕ್ಕೆ ಕೂರೋದು ಒಂಬತ್ತೂ ಮುಕ್ಕಾಲು, ದೊಡ್ಡ ಮುದ್ದೆ, ಮೇಲೆ ಅನ್ನ, ಹತ್ತೂ ಕಾಲಿಗೆ ದಿಂಬಿಗೆ ತಲೆ. ಚೀಲದ ಬಾಯಿ ಸಡಿಲ, ಚೀಲ ತುಂಬಿದೆ, ಅಡ್ಡ ಮಲಗಿಸಿದ್ರೆ ಚೆಲ್ಲದೆ ಇನ್ನೇನು.

ಊಟಕ್ಕೂ ನಿದ್ದೆಗೂ ಎರಡು ಮೂರು ಗಂಟೆ ಬಿಡಬೇಕು ಅಂತ ಎಲ್ಲಾರೂ ಹೇಳ್ತಾರೆ, ಪೇಪರಲ್ಲೂ ಬರತ್ತೆ. ಗಂಡ ಉಣ್ಣೋ ಮುಂಚೆ, ಅತ್ತೆ ಉಣ್ಣೋ ಮುಂಚೆ, ಮನೆ ಕಿರೀ ಸೊಸೆ ಏಳೂವರೆಗೆ ತಟ್ಟೆ ಹಾಕ್ಕೊಂಡು ಹೆಂಗೆ ಕೂರ್ತಾಳೆ ಅನ್ನೋದನ್ನ ಮಾತ್ರ ಯಾರೂ ಬರೆಯಲ್ಲ. ನಾನು ಅತ್ತೆಗೆ ಹೇಳಿದೆ, ಸುಮ್ಮನಿದ್ರು. ಮೈದುನನಿಗೆ ಹೇಳಿದೆ, "ತಿನ್ಲಿ ಬಿಡಿ ಅತ್ತಿಗೆ, ಯಾರು ಬೇಡ ಅಂದ್ರು" ಅಂದ, ಆದ್ರೂ ಅವಳು ಕೂರ್ತಿರಲಿಲ್ಲ, ಬಡಿಸೋರು ಯಾರು ಅಂತ. ನಾಲ್ಕು ದಿನ ಹಂಗೇ ಹೋಯ್ತು. ಐದನೇ ದಿನ ಅತ್ತೆನೇ ಏಳೂವರೆಗೆ ಎರಡು ತಟ್ಟೆ ಹಾಕಿ ಕೂಗಿದ್ರು, "ಬಾರೇ, ನಂಗೂ ಶುಗರ್ ಮಾತ್ರೆ ಇದೆ, ಲೇಟಾದ್ರೆ ಕೈ ನಡುಗತ್ತೆ, ಒಬ್ಬಳೇ ಉಣ್ಣೋಕೆ ಬೇಜಾರು." ಅವರಿಗೆ ಶುಗರ್ ಬಂದು ಆರು ವರ್ಷ ಆಗಿದೆ, ಅಲ್ಲೀವರೆಗೆ ಒಂದಿನಾನೂ ಏಳೂವರೆಗೆ ಉಂಡಿರಲಿಲ್ಲ. ಹರಳೆಣ್ಣೆ ಜಗಳ ಅವತ್ತಿಗೆ ಮುಗೀತು.

ಮುದ್ದೆ ಬಿಡಿಸ್ಲಿಲ್ಲ, ಅರ್ಧ ಮಾಡಿದ್ವಿ, ಉಳಿದರ್ಧ ಮಧ್ಯಾಹ್ನಕ್ಕೆ. ರಾತ್ರಿ ಒಂಬತ್ತಕ್ಕೆ ಬೇಕಾದ್ರೆ ಸ್ವಲ್ಪ ಹಾಲು. ಮಂಚದ ತಲೆ ಕಡೆ ಕಾಲುಗಳಿಗೆ ಎರಡೆರಡು ಇಟ್ಟಿಗೆ ಕೊಟ್ವಿ, ಆರಿಂಚು ಹತ್ರ ಎತ್ತರ ಬರತ್ತೆ. ದಿಂಬು ಒಟ್ಟೋದಕ್ಕಿಂತ ಇದು ವಾಸಿ, ದಿಂಬು ಒಟ್ಟಿದ್ರೆ ಸೊಂಟ ಮಡಚಿ ಹೊಟ್ಟೆ ಇನ್ನೂ ಒತ್ತತ್ತೆ. ಮೊದಲ ರಾತ್ರಿ ಮಗ ಜಾರಿ ಜಾರಿ ಕಾಲ ಕಡೆ ಬಂದು ನಕ್ಕಿದ್ದೇ ನಕ್ಕಿದ್ದು. ಎಡಮಗ್ಗುಲಿಗೆ ಮಲಗು ಅಂದೆ, ಹೊಟ್ಟೆ ಚೀಲ ಎಡಗಡೆಗೇ ಇರೋದ್ರಿಂದ ಆ ಕಡೆ ಮಲಗಿದ್ರೆ ಹುಳಿ ಮೇಲೆ ಬರೋದು ಕಮ್ಮಿ, ಮಗೂಗೆ ರಕ್ತ ಹೋಗೋಕೂ ಒಳ್ಳೇದು. ಉರಿ ಪೂರ್ತಿ ಹೋಯ್ತು ಅಂತ ಹೇಳಲ್ಲ, ಹೆಚ್ಚುಕಮ್ಮಿ ದಿನಾ ರಾತ್ರಿ ಇದ್ದಿದ್ದು ವಾರದಲ್ಲಿ ಎರಡಕ್ಕೆ ಬಂತು.

ಮೋಷನ್ ವಿಷಯದಲ್ಲಿ ನಾನೊಂದು ಎಡವಟ್ಟು ಮಾಡಿದೆ. ನಾರು ಬೇಕು ನಾರು ಬೇಕು ಅಂತ ಒಂದೇ ದಿನ ಮೊಳಕೆ ಹುರುಳಿಕಾಳಿನ ಬಸ್ಸಾರು, ಅದರ ಜೊತೆ ನುಗ್ಗೆಸೊಪ್ಪಿನ ಪಲ್ಯ, ಸಂಜೆ ಎರಡು ಸೀಬೆಹಣ್ಣು. ಮೂರು ದಿನ ಹೊಟ್ಟೆ ನಗಾರಿ ಆಗಿತ್ತು ಅವಳಿಗೆ, ಈಗಲೂ ಹುರುಳಿ ಅಂದ್ರೆ ನನ್ನ ಮುಖ ನೋಡ್ತಾಳೆ. ನಾರನ್ನ ನಿಧಾನಕ್ಕೆ ಏರಿಸಬೇಕು, ನೀರೂ ಅದರ ಜೊತೆ ಏರಬೇಕು, ನೀರಿಲ್ಲದೆ ನಾರು ಹೋದ್ರೆ ಅದೇ ಕಟ್ಟತ್ತೆ. ಆಮೇಲೆ ರಾತ್ರಿ ನೆನೆಸಿದ ಒಣದ್ರಾಕ್ಷಿ, ದಿನಕ್ಕೊಂದು ಸೀಬೆಹಣ್ಣು, ಡಾಕ್ಟ್ರನ್ನ ಕೇಳಿ ಮಲಗೋ ಮುಂಚೆ ಒಂದು ಚಮಚ ಇಸಬ್ಗೋಲ್ ದೊಡ್ಡ ಲೋಟ ನೀರಲ್ಲಿ, ಬೆಳಿಗ್ಗೆ ಎದ್ದು ಬಿಸಿನೀರು, ತೋಟದವರೆಗೆ ಒಂದು ಸುತ್ತು. ರಕ್ತ ಬಂದಿದ್ದನ್ನೂ ತೋರಿಸಿದ್ವಿ, ಸಣ್ಣ ಮೂಲವ್ಯಾಧಿ, ಮುಲಾಮು ಕೊಟ್ರು, ತಿಣುಕಬೇಡ ಅಂದ್ರು.

ಐರನ್ ಬಗ್ಗೆ ಡಾಕ್ಟ್ರ ಹತ್ರ ಹೋಗಿ ಎಲ್ಲಾ ಬಿಚ್ಚಿ ಹೇಳಿದ್ವಿ, ಕರಿಬೇವಿನ ಗಿಡದ ಸಮೇತ. ಬೈತಾರೆ ಅಂತ ಅವಳು ನನ್ನ ಸೆರಗು ಹಿಡ್ಕೊಂಡಿದ್ಲು. ಅವರು ಬೈಲಿಲ್ಲ, "ಇದನ್ನ ಮೊದಲೇ ಹೇಳಿದ್ರೆ ಎರಡು ತಿಂಗಳು ಉಳೀತಿತ್ತಲ್ಲಮ್ಮ" ಅಂದ್ರು ಅಷ್ಟೇ. 27ನೇ ವಾರ ಆಗಿಹೋಗಿದೆ, ಎಚ್‌ಬಿ 9ಕ್ಕಿಂತ ಕೆಳಗಿದೆ, ಮಾತ್ರೇಲಿ ಏರಿಸ್ತಾ ಕೂರೋಕೆ ಟೈಮಿಲ್ಲ ಅಂತ ಡ್ರಿಪ್‌ನಲ್ಲಿ ಐರನ್ ಹಾಕಿದ್ರು, ಆಸ್ಪತ್ರೇಲೇ ಅಲರ್ಜಿ ಆಗತ್ತಾ ಅಂತ ಗಮನಿಸ್ತಾ. ಕರುಳಿನ ದಾರಿ ಬಿಟ್ಟು ನೇರ ರಕ್ತಕ್ಕೆ ಹೋಗೋದ್ರಿಂದ ಹೊಟ್ಟೆಗೆ ಆ ತೊಂದರೆ ಇಲ್ಲ. ಆ ಹೊತ್ತಿಗೆ ಎದೆಯುರಿಗೆ ಆಸಿಡ್ ಕಮ್ಮಿ ಮಾಡೋ ಮಾತ್ರೇನೂ ಎರಡು ವಾರಕ್ಕೆ ಬರೆದಿದ್ರು, ಅದು ಬಾಯಿಂದ ತಗೊಳೋ ಐರನ್ನ ಹೀರಿಕೊಳ್ಳೋದನ್ನ ಕಮ್ಮಿ ಮಾಡತ್ತೆ, ಡ್ರಿಪ್ ಆದ್ದರಿಂದ ಆ ಚಿಂತೇನೂ ತಪ್ತು.

ಎಲ್ಲಕ್ಕಿಂತ ಆಶ್ಚರ್ಯ ಬಳಪದ್ದು. ಎರಡು ವಾರಾನೂ ಆಗಿರಲಿಲ್ಲ, ಒಂದು ಮಧ್ಯಾಹ್ನ ಅಕ್ಕಿ ಆರಿಸ್ತಾ ಕೂತಿದ್ಲು, ಮೊರ ತುಂಬ ಅಕ್ಕಿ, ಒಂದು ಕಾಳೂ ಬಾಯಿಗೆ ಹೋಗ್ಲಿಲ್ಲ. ನಾನು ಕೇಳಿದ್ದಕ್ಕೆ ಅವಳಿಗೇ ಆಗ ಹೊಳೀತು, ಡಬ್ಬೀಲಿದ್ದ ಬಳಪ ತಂದು ಮೂಸಿ ನೋಡಿದ್ಲು, "ಥೂ, ಬರೀ ಧೂಳಿನ ವಾಸನೆ ಅಕ್ಕ" ಅಂದ್ಲು. ಎಚ್‌ಬಿ ಏರೋಕೆ ಮುಂಚೇನೇ ಈ ಆಸೆ ಹೋಗಿಬಿಡತ್ತೆ ಅಂತ ಓದಿದ್ದೆ, ಕಣ್ಣಾರೆ ಕಂಡಿದ್ದು ಇದೇ ಮೊದಲು. 33ನೇ ವಾರಕ್ಕೆ ಎಚ್‌ಬಿ 10.8.

34ನೇ ವಾರದಲ್ಲಿ ಒಂದು ರಾತ್ರಿ ಇನ್ನೊಂದು ಆಯ್ತು. ಎದೆಯುರಿ ಅಂತ ಎದ್ಲು, ಆದ್ರೆ ಕೈ ಇಟ್ಟು ತೋರಿಸಿದ ಜಾಗ ಬೇರೆ, ಬಲಗಡೆ ಪಕ್ಕೆಲುಬಿನ ಕೆಳಗೆ, ಜೊತೆಗೆ ತಲೆನೋವು. ಮೈದುನ ಸಿರಪ್ ಕೊಡೋಕೆ ಹೋದ. ನಾನು ಬಿಡಲಿಲ್ಲ, ರಾತ್ರಿ ಒಂದು ಗಂಟೇಲಿ ಕಾರು ತೆಗೆಸಿದೆ. ಯಾಕಂದ್ರೆ ನಾನು ಕೆಲಸಕ್ಕಿದ್ದಾಗ ಒಬ್ಬ ಹುಡುಗಿ ಬಂದಿದ್ಲು, ಮೂರು ದಿನದಿಂದ ಅದೇ ಜಾಗ ನೋವು, ಊರಲ್ಲಿ ಯಾರೋ ಗ್ಯಾಸ್ಟ್ರಿಕ್ ಇಂಜೆಕ್ಷನ್ ಹಾಕಿ ಕಳಿಸಿದ್ರು, ನಮ್ಮ ವಾರ್ಡ್ ಬಾಗಿಲಲ್ಲೇ ಫಿಟ್ಸ್ ಬಂತು, ಬಿಪಿ 180 ದಾಟಿತ್ತು. 20 ವಾರ ಆದ್ಮೇಲೆ ಬಲಪಕ್ಕೆ ಕೆಳಗೆ ಅಥವಾ ಹೊಟ್ಟೆ ಮೇಲ್ಭಾಗದಲ್ಲಿ ಬಿಡದ ನೋವು, ತಲೆನೋವು, ಕಣ್ಣು ಮಂಜು, ಮುಖ ಕೈ ಊತ ಅಂದ್ರೆ ಅದು ಬಿಪಿ ಏರಿ ಲಿವರ್‌ಗೆ ಪೆಟ್ಟು ಬೀಳ್ತಿರೋದು ಇರಬಹುದು, ಮನೇಲಿ ಕೂತು ತೇಗು ಬರಲಿ ಅಂತ ಕಾಯೋ ವಿಷಯ ಅಲ್ಲ, ಗಾಡಿ ಇಲ್ಲದಿದ್ರೆ 108ಕ್ಕೆ ಫೋನ್ ಮಾಡಿ. ಹಂಗೇ ಅಂಗೈ ಅಂಗಾಲು ರಾತ್ರಿ ಹೊತ್ತು ವಿಪರೀತ ಕಡಿತ, ಗುಳ್ಳೆ ಏನೂ ಇಲ್ಲ ಅಂದ್ರೂ ತೋರಿಸಬೇಕು, ಅದು ಪಿತ್ತರಸದ ತೊಂದರೆ ಇರಬಹುದು. ಕಪ್ಪಗೆ ಹೋಗೋದು ಐರನ್ ಮಾತ್ರೆ ತಗೊಳ್ತಿದ್ರೆ ಸರಿ, ತಗೊಳ್ಳದೆ ಇದ್ರೂ ಡಾಂಬರಿನಂಗೆ ಹೋದ್ರೆ ಸರಿಯಲ್ಲ.

ಇವಳಿಗೆ ಅವತ್ತು ಬಿಪಿ 118/76, ಮೂತ್ರದಲ್ಲಿ ಪ್ರೋಟೀನ್ ಇಲ್ಲ, ರಕ್ತದ ರಿಪೋರ್ಟೂ ಸರಿ. ಡ್ಯೂಟಿ ಡಾಕ್ಟ್ರು ಹೊಟ್ಟೆ ಮುಟ್ಟಿ ನೋಡಿ ಮಗುವಿನ ಕಾಲು ಅಲ್ಲಿಗೇ ಒದೀತಿದೆ ಅಂದ್ರು. ಬೆಳಗಿನ ಜಾವ ನಾಲ್ಕಕ್ಕೆ ವಾಪಸ್ ಬಂದ್ವಿ, ಮೈದುನ ದಾರಿಯುದ್ದಕ್ಕೂ ಆಕಳಿಸ್ತಾ, "ಅತ್ತಿಗೆ, ಕಾಲು ಅಂತ ಮನೇಲೇ ಹೇಳಬಹುದಿತ್ತಲ್ವಾ" ಅಂದ. ಹೇಳೋಕಾಗಲ್ಲಪ್ಪ, ಮಿಷನ್ ಹಾಕದೆ ಯಾರಿಗೂ ಹೇಳೋಕಾಗಲ್ಲ ಅಂದೆ. ಮಾರನೇ ದಿನಾನೇ ಒಂದು ಬಿಪಿ ಮಿಷನ್ ತಂದಿಟ್ಟ, ಈಗ ಅದರಲ್ಲಿ ಅತ್ತೆ ದಿನಕ್ಕೆ ಮೂರು ಸಲ ನೋಡ್ಕೊಂಡು ಎಲ್ಲರಿಗೂ ಓದಿ ಹೇಳ್ತಾರೆ.

39ನೇ ವಾರಕ್ಕೆ ಸಹಜ ಹೆರಿಗೆ ಆಯ್ತು, ಹೆಣ್ಣು, 2.8 ಕೆಜಿ. ಹೆರಿಗೆ ಆದ ರಾತ್ರಿಯಿಂದಾನೇ ಎದೆಯುರಿ ಮಾಯ, ಇಷ್ಟು ತಿಂಗಳಿಂದ ಪಟ್ಟಿದ್ದೆಲ್ಲಾ ಸುಳ್ಳೇನೋ ಅನ್ನೋ ಹಂಗೆ. ಮೋಷನ್ ಕಥೆ ಬಾಣಂತನದಲ್ಲಿ ಮತ್ತೆ ತಲೆ ಎತ್ತಿತು, ಬಾಣಂತಿ ನೀರು ಜಾಸ್ತಿ ಕುಡೀಬಾರ್ದು ಅಂತ ಅವಳ ತವರಲ್ಲಿ ಲೋಟ ಲೆಕ್ಕ ಹಾಕ್ತಿದ್ರು, ಫೋನಲ್ಲೇ ಒಂದು ಸುತ್ತು ಜಗಳ ಆಯ್ತು, ಅದನ್ನ ಬರೆಯೋಕೆ ಹೋದ್ರೆ ಇನ್ನೊಂದು ಇಷ್ಟುದ್ದ ಆಗತ್ತೆ.

ಡಿಸ್ಚಾರ್ಜ್ ದಿನ ನರ್ಸ್ ಕೆಂಪು ಮಾತ್ರೆಯ ಕಟ್ಟು ಕೈಗಿಟ್ರು, ದಿನಕ್ಕೊಂದರಂತೆ 180 ದಿನ. ಈ ಸಲ ನಾನೇ ಕೂತು ಹೇಳಿಕೊಟ್ಟೆ, ಮಧ್ಯಾಹ್ನ ಊಟ ಆಗಿ ಒಂದು ಗಂಟೆ ಬಿಟ್ಟು, ನಿಂಬೆ ಶರಬತ್ತಿನ ಜೊತೆ, ಟೀ ಅಂತೂ ಅದರ ಹತ್ರ ಸುಳೀಬಾರ್ದು, ಕ್ಯಾಲ್ಸಿಯಂ ಬೆಳಿಗ್ಗೆ ತಿಂಡಿ ಜೊತೆ ಬೇರೆ. ಅವಳು ಕಟ್ಟನ್ನ ತಿರುಗಿಸಿ ನೋಡಿ, "ಇನ್ನೂ ಆರು ತಿಂಗಳಾ ಅಕ್ಕ?" ಅಂದ್ಲು. ಹೂಂ ಅಂದೆ. ಕಿಟಕಿ ಹತ್ರ ಮಗೂನ ಎತ್ಕೊಂಡು ನಿಂತಿದ್ದ ಅತ್ತೆ ತಿರುಗದೇನೇ ಅಂದ್ರು, "ಕರಿಬೇವಿನ ಗಿಡಕ್ಕೆ ಈ ಸಲ ಗೊಬ್ಬರ ಹಾಕ್ಸಿದೀನಿ, ಅದಕ್ಕೇನೂ ಕಮ್ಮಿ ಇಲ್ಲ, ನೀನೇ ನುಂಗು."